ನಳದ ಪಾಳಿ

ಅಯ್ಯನವರೇ,
ನಿಮ್ಮ ಫಾರ್ಮು ತಲುಪಿತು.
ಎರಡನೇ ಸಾಲಿನಲ್ಲಿ ಕೇಳಿದ್ದೀರಿ, ಸಭೆಯ ಸಂಖ್ಯೆ ಎಷ್ಟು?
ಪೆನ್ನು ಹಿಡಿದು ಕೂತೆ. ಬೆರಳ ತುದಿಯ ನೀಲಿ
ಕಾಗದಕ್ಕೆ ಹತ್ತಿತು. ಮೊದಲು ಅದನ್ನೇ ಓದಿಕೊಳ್ಳಿ.

ಬಳ್ಳಾರಿಗೆ ಕಳಿಸುವಾಗ ಆರು ತಿಂಗಳು ಅಂದಿದ್ದಿರಿ.
ಕೈಗೊಂದು ಬೋರ್ಡು ಕೊಟ್ಟಿರಿ,
ಬಿಳಿ ಅಕ್ಷರ, ಕೆಂಪು ಶಿಲುಬೆ, ಎರಡು ಮೊಳೆ ಸಮೇತ.
ಬೋರ್ಡು ಮಂಚದ ಕೆಳಗಿದೆ.
ಮೊಳೆಗಳನ್ನು ಮಾತ್ರ ಗೋಡೆಗೆ ಹೊಡೆದೆ,
ಒಂದಕ್ಕೆ ಕತ್ತರಿ, ಒಂದಕ್ಕೆ ಕ್ಯಾಲೆಂಡರು.
ಒಂಬತ್ತು ಕ್ಯಾಲೆಂಡರು ಆದವು.

ಬಂದ ದಿನವೇ ಈ ಓಣಿಯಲ್ಲಿ ನಿಂತು
'ನಾನು ಮಿಷನ್ನಿನವಳು' ಅಂದುಬಿಟ್ಟೆ.
ಮನೆ ಮನೆಯಲ್ಲೂ ಜೀನ್ಸು ಹೊಲಿಯುವ ಓಣಿ.
ಹುಲಿಗೆಮ್ಮ ತಲೆ ಎತ್ತಲಿಲ್ಲ, ದಾರ ಕಚ್ಚಿಕೊಂಡೇ ಕೇಳಿದಳು,
'ಹೌದಾ? ಓವರ್‌ಲಾಕ್ ಬರತೈತೇನು?'
ಬರುತ್ತಿರಲಿಲ್ಲ.
ಕಲಿತೆ. ಹೆಬ್ಬೆರಳಿಗೆ ಎರಡು ಸಲ ಸೂಜಿ ಹೊಕ್ಕಿತು.

ನಳ ಬರುವುದು ಹತ್ತು ದಿನಕ್ಕೊಮ್ಮೆ,
ಅದೂ ರಾತ್ರಿ ಎರಡಕ್ಕೋ ಮೂರಕ್ಕೋ.
ಬಿಂದಿಗೆ ಸಾಲಿನಲ್ಲಿ ನಾನು ಕಡೆಯವಳು,
ಆದೋನಿ ಕಡೆಯ ಮಾತಿನವಳು, ಯಾವ ಕುಲವೋ ಏನೋ.
ಎರಡನೇ ಬೇಸಿಗೆಯಲ್ಲಿ ಮಾಬುನ್ನಿ ಅಂದಳು,
'ಅಕ್ಕಾ, ನಿನ್ನ ಬಿಂದಿಗಿ ಸುಂಕ್ಲಮ್ಮನ ಬಿಂದಿಗಿ ಹಿಂದ ಇಡು.'
ನಿಮ್ಮ ಫಾರ್ಮಿನಲ್ಲಿ ಇದಕ್ಕೆ ಸಾಲಿಲ್ಲ.
ಆ ರಾತ್ರಿ ನೀರು ಹೊತ್ತು ಬರುವಾಗ ಅರ್ಧ ಚೆಲ್ಲಿದೆ.

ಐದನೇ ವರ್ಷ ಸುಂಕ್ಲಮ್ಮನ ಗಂಡನಿಗೆ ಎದೆ ಕಟ್ಟಿತು.
ವಿಮ್ಸಿನ ವರಾಂಡದಲ್ಲಿ ಹನ್ನೊಂದು ರಾತ್ರಿ
ನಮ್ಮಿಬ್ಬರಿಗೂ ಒಂದೇ ಚಾಪೆ.
ಪ್ರಾರ್ಥಿಸಿದೆ. ಗಟ್ಟಿಯಾಗಿ ಅಲ್ಲ.
ಅವನು ಉಳಿಯಲಿಲ್ಲ.
ನಿಮಗೆ ಬರೆದು ಕಳಿಸಲು ನನಗೆ ಸಾಕ್ಷಿ ಸಿಗಲಿಲ್ಲ.
ಅವನು ಅರ್ಧಕ್ಕೆ ಬಿಟ್ಟ ಎಪ್ಪತ್ತು ಪ್ಯಾಂಟುಗಳನ್ನು
ಓಣಿ ಹಂಚಿಕೊಂಡಿತು. ನನ್ನ ಪಾಲಿಗೆ ಆರು.

ಮತ್ತೆರಡು ವರ್ಷ ಕಳೆದ ಮೇಲೆ,
ಗುಂಡಿ ಬಡಿಯುತ್ತ ಬಡಿಯುತ್ತ, ನನ್ನ ಮುಖ ನೋಡದೆ, ಅವಳು:
'ಅಷ್ಟು ಬೇಡಿಕೊಂಡಿ. ನಿಮ್ಮ ಯೇಸಪ್ಪ ಕೇಳಲಿಲ್ಲ.
ಮತ್ಯಾಕ ದಿನಾ ಅವನ ಕೂಡ ಮಾತಾಡ್ತಿ?'
ಅಯ್ಯನವರೇ, ತರಬೇತಿಯಲ್ಲಿ
ಇದಕ್ಕೆ ಮೂರು ಉತ್ತರ ಬಾಯಿಪಾಠ ಮಾಡಿಸಿದ್ದಿರಿ.
ಗೊತ್ತಿಲ್ಲ, ಅಂದೆ.
ಸುತ್ತಿಗೆ ಕೆಳಗಿಟ್ಟಳು.
'ಹಂಗಾದ್ರ ನಾನೂ ಕೂಡ್ತೀನಿ. ನೋಡೂಣು.'

ಅಲ್ಲಿಂದ ಭಾನುವಾರ ಸಂಜೆ, ಲೋಡು ಹೋದ ಮೇಲೆ,
ಬಟ್ಟೆ ಗಂಟುಗಳ ಮೇಲೆ ಕೂರುತ್ತೇವೆ.
ಹುಲಿಗೆಮ್ಮನ ಮಗಳು ಏಳನೇ ಕ್ಲಾಸು,
ಪರೀಕ್ಷೆಗೆ ಓದಿದ ಹಾಗೆ ಓದುತ್ತಾಳೆ.
ಕಳೆದ ನಾಣ್ಯಕ್ಕೆ ದೀಪ ಹಚ್ಚಿ ಮನೆ ಗುಡಿಸಿದವಳ ಕತೆಗೆ
ಸುಂಕ್ಲಮ್ಮ, 'ಸಿಕ್ಕಿತಲ್ಲ? ಬಿಡು, ಪಾಪ, ಎಷ್ಟು ಗುಡಿಸಿದಳೋ.'
ಅದಕ್ಕಿಂತ ದೊಡ್ಡ ಪ್ರಸಂಗ ಆ ದಿನ ನಾನು ಮಾಡಲಿಲ್ಲ.
ಮುರಿಯುವುದು ಜೋಳದ ರೊಟ್ಟಿ,
ತೆಳ್ಳಗೆ ಬಡಿದದ್ದು, ಮುರಿದರೆ ಸದ್ದಾಗುತ್ತದೆ.

ಹುಣ್ಣಿಮೆಗೆ ಹುಲಿಗೆಮ್ಮ ಈಗಲೂ ಹುಲಿಗಿಗೆ ಹೋಗುತ್ತಾಳೆ.
ಬರುವಾಗ ನನಗೂ ಚೀಟಿಯಲ್ಲಿ ಭಂಡಾರ ಕಟ್ಟಿ ತರುತ್ತಾಳೆ.
ಬೈಬಲ್ಲಿನ ಪಕ್ಕ ಇಟ್ಟಿದ್ದೇನೆ. ಬಿಸಾಕಲು ಕೈ ಬಂದಿಲ್ಲ.
ತಪ್ಪೋ ಸರಿಯೋ ಹೇಳಿ. ನಿಧಾನಕ್ಕೆ ಹೇಳಿ.

ಬೋರ್ಡು ವಾಪಸು ಕಳಿಸುತ್ತಿಲ್ಲ.
ಇವರೇ ಮಂಚದ ಕೆಳಗಿಂದ ಎಳೆದು ಮೊಳೆ ಕೇಳಿದ ದಿನ
ಕತ್ತರಿಯ ಮೊಳೆ ಬಿಟ್ಟುಕೊಡುತ್ತೇನೆ.
ಸಂಖ್ಯೆಯ ಸಾಲು ಖಾಲಿ ಇದೆ.
ಮೂರು ಎಂದರೆ ಕಡಿಮೆಯಾಯಿತು, ಓಣಿ ಎಂದರೆ ಸುಳ್ಳಾಯಿತು.

ಉಳಿದದ್ದು ನಾಳೆ ಬರೆಯುತ್ತೇನೆ. ಹೊರಗೆ ಬಿಂದಿಗೆಗಳ ಸದ್ದು,
ಸುಂಕ್ಲಮ್ಮ ನನ್ನ ಹೆಸರು ಕೂಗುತ್ತಿದ್ದಾಳೆ.
ನಳ ಸೀಟಿ ಹೊಡೆಯುತ್ತಿದೆ.
ಮೊದಲು ಗಾಳಿ ಬರುತ್ತದೆ ಇಲ್ಲಿ, ಬಹಳ ಹೊತ್ತು ಬರೀ ಗಾಳಿ,
ಆಮೇಲೆ ನೀರು.

ಇಂತಿ,
ಜೀವರತ್ನಮ್ಮ, ಓವರ್‌ಲಾಕ್,
ಕೌಲ್ ಬಜಾರ್